ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ: ಮಂಡಿನೋವಿನವಳ ಅನಿಸಿಕೆ

ಮಗಳ ಬಾಣಂತನಕ್ಕೆ ಅಂತ ಹೊರಟವಳು ನಾನು, ಹಾಗಾಗಿ ನನ್ನ ಲೆಕ್ಕವೇ ಬೇರೆ. ದೂರ ಸುಮಾರು 14,000 ಕಿ.ಮೀ. ಹೋಗುವಾಗ 16 ಗಂಟೆ ಆಸುಪಾಸು. ಬರುವಾಗ ಎದುರುಗಾಳಿ, ಒಂದು ಗಂಟೆ ಹೆಚ್ಚೇ ಅನ್ನಿ. ದುಬೈ, ಫ್ರಾಂಕ್‌ಫರ್ಟ್ ಸುತ್ತಿಕೊಂಡು ಹೋದರೆ 20 ಗಂಟೆ ದಾಟುತ್ತೆ. ದುಡ್ಡು ಉಳಿಯಬಹುದು, ಆದರೆ ನಡುರಾತ್ರಿ ಗೇಟಿಂದ ಗೇಟಿಗೆ ಬ್ಯಾಗ್ ಎಳೆದುಕೊಂಡು ಓಡೋದು ಯಾರ ಕೈಲಾಗುತ್ತೆ?

ಟಿಕೆಟ್‌ನಲ್ಲಿ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿಯೋದು ಅಂತಿತ್ತು. "ಮೂರೇ ಗಂಟೆನಾ?" ಅಂದರು ನಮ್ಮ ಯಜಮಾನರು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಅದರ ಮಾಯೆ ಇದು.

ಊಟ ಪರವಾಗಿಲ್ಲ, ಮೊಸರನ್ನ ಸಿಕ್ಕಿತು. ಕಾಫಿ ಬಗ್ಗೆ ಮಾತಾಡಲ್ಲ. ಹತ್ತು ಗಂಟೆ ಕಳೆಯೋ ಹೊತ್ತಿಗೆ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಹಿಂದಿನ ಅಡುಗೆಕೋಣೆ ಹತ್ತಿರ ನಿಂತು ಕಾಲಾಡಿಸಿದೆ, ನನ್ನಂಥ ಅಜ್ಜಿಯರದೇ ಒಂದು ಗುಂಪು ಅಲ್ಲಿ! ಕಿಟಕಿ ಸೀಟಿನ ಆಸೆ ಬಿಡಿ, ಓಡಾಡೋ ದಾರಿ ಪಕ್ಕದ್ದೇ ತಗೊಳ್ಳಿ. ವೀಲ್‌ಚೇರ್ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ಹೇಳಿಬಿಡಿ.