ಓವರ್ ದ ಕ್ಯಾಪ್ ಕ್ಯಾಲ್ಕ್ಯುಲೇಟರ್: ಎಸ್ಟೇಟ್ ರೈಟರ್‌ಗೆ ಬೇಗ ಅರ್ಥವಾಗುವ ಫುಟ್‌ಬಾಲ್ ಲೆಕ್ಕ

ಹರಾಜಿನಲ್ಲಿ ಆಟಗಾರರನ್ನು ಹಿಡಿದು ತಂಡ ಕಟ್ಟುವುದು ಕೊಡಗಿನವರಿಗೆ ಹೊಸತಲ್ಲ. ಮಾಲೀಕನಿಗೆ ಇಷ್ಟು ಪಾಯಿಂಟ್ ಅಂತ ಕೊಡುತ್ತಾರೆ, ಕೂಗಿ ಕೂಗಿ ಖಾಲಿ ಮಾಡಿಕೊಂಡರೆ ಮುಗಿಯಿತು. ದೊಡ್ಡ ಮಟ್ಟದಲ್ಲೂ ಹೀಗೆಯೇ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಪುರುಷರ ಪ್ರತಿ ತಂಡದ ಚೀಲದಲ್ಲಿ ಇದ್ದದ್ದು 4 ಕೋಟಿ ರೂಪಾಯಿ, ಅದರಲ್ಲೇ 24 ಜನ. ಇದೇ ಅಭ್ಯಾಸದಲ್ಲಿ ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಕಡೆ ನೋಡಿದವರಿಗೆ ಮೊದಲ ದಿನವೇ ತಲೆ ಕೆಡುತ್ತದೆ. 2025ಕ್ಕೆ ಸ್ಯಾಲರಿ ಕ್ಯಾಪ್, ಅಂದರೆ ಸಂಬಳದ ಮಿತಿ, ತಂಡಕ್ಕೆ 27.92 ಕೋಟಿ ಡಾಲರ್. ಅದಕ್ಕಿಂತ ಹೆಚ್ಚು ನಗದನ್ನು ಆ ವರ್ಷ ಆಟಗಾರರ ಕೈಗೆ ಕೊಟ್ಟೂ ಮಿತಿಯೊಳಗೇ ಇರುವ ತಂಡಗಳಿವೆ, ಕಾನೂನುಬದ್ಧವಾಗಿಯೇ. ಹೇಗೆ ಅನ್ನುವುದನ್ನು ಕೈಯಾರೆ ಮಾಡಿ ನೋಡಲು ಇರುವ ಒಳ್ಳೆಯ ಸಾಧನ ಓವರ್ ದ ಕ್ಯಾಪ್ ಜಾಲತಾಣದ ಕ್ಯಾಲ್ಕ್ಯುಲೇಟರ್. ಬಳಸಲು ದುಡ್ಡು ಕೊಡಬೇಕಿಲ್ಲ.

32 ತಂಡಗಳಲ್ಲಿ ಒಂದನ್ನು ಆರಿಸಿದರೆ ಆಟಗಾರರ ಪಟ್ಟಿ ಬರುತ್ತದೆ. ಒಬ್ಬೊಬ್ಬನ ಹೆಸರಿನ ಎದುರು ಆ ವರ್ಷ ಮಿತಿಯಲ್ಲಿ ಅವನು ತಿನ್ನುವ ಮೊತ್ತ, ಬಿಟ್ಟರೆ ಉಳಿಯುವುದು ಎಷ್ಟು, ಬಿಟ್ಟ ಮೇಲೂ ತಲೆಯ ಮೇಲೆ ಉಳಿಯುವ ಡೆಡ್ ಮನಿ ಎಷ್ಟು ಎಂದು ಕಾಣುತ್ತದೆ. ಬಿಡುವುದು, ಜೂನ್ 1ರ ನಂತರದ ಲೆಕ್ಕದಲ್ಲಿ ಬಿಡುವುದು, ಟ್ರೇಡ್ (ಬೇರೆ ತಂಡಕ್ಕೆ ಕೊಡುವುದು), ರಿಸ್ಟ್ರಕ್ಚರ್ (ಸಂಬಳವನ್ನು ಬೋನಸ್ ಮಾಡಿ ಹಂಚುವುದು), ಎಕ್ಸ್‌ಟೆನ್ಷನ್ (ಒಪ್ಪಂದ ಮುಂದುವರಿಸುವುದು), ಇವುಗಳಲ್ಲಿ ಒಂದನ್ನು ಒತ್ತಿದ ಕೂಡಲೇ ತಂಡದ ಉಳಿಕೆ ಬದಲಾಗುತ್ತದೆ. ನೋಡಲು ಇಷ್ಟೇ. ಒತ್ತುವ ಮೊದಲು ತಿಳಿದಿರಬೇಕಾದದ್ದು ಮಾತ್ರ ಸಾಕಷ್ಟಿದೆ.

ಕಾಫಿ ತೋಟದಲ್ಲಿ ಚೆಕ್‌ರೋಲ್, ಅಂದರೆ ಹಾಜರಿ-ಕೂಲಿ ಪುಸ್ತಕ, ಬರೆದ ರೈಟರ್‌ಗೆ ಇದರ ಅರ್ಧ ಹೇಳಿಕೊಡಬೇಕಿಲ್ಲ. ಕೆಲಸಗಾರ ಬರುವಾಗ ಅಡ್ವಾನ್ಸ್ ಕೊಡುತ್ತೇವೆ. ದುಡ್ಡು ಆವತ್ತೇ ಹೋಯಿತು, ಪುಸ್ತಕದಲ್ಲಿ ಮಾತ್ರ ಅದು ಕಂತು ಕಂತಾಗಿ ಮುರಿಯುತ್ತಾ ಹೋಗುತ್ತದೆ. ಅವನು ನಡುವೆ ಲೈನ್ ಮನೆ ಖಾಲಿ ಮಾಡಿ ಹೋದರೆ ಮುರಿಯದೆ ಉಳಿದದ್ದು ಬಾಕಿ ಕಾಲಂನಲ್ಲಿ ಕೂತಿರುತ್ತದೆ. ಎನ್‌ಎಫ್‌ಎಲ್‌ನ ಸೈನಿಂಗ್ ಬೋನಸ್ ಇದೇ ರೀತಿ: ನಗದು ಬೇಗ ಕೈ ಸೇರುತ್ತದೆ, ಮಿತಿಯ ಲೆಕ್ಕದಲ್ಲಿ ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ, ಹೆಚ್ಚೆಂದರೆ 5 ವರ್ಷಕ್ಕೆ. ಆಟಗಾರನನ್ನು ನಡುವೆ ಬಿಟ್ಟರೆ ಹಂಚಲು ಉಳಿದದ್ದಷ್ಟೂ ಡೆಡ್ ಮನಿ. ಹೋಲಿಕೆ ಒಂದು ಕಡೆ ತಪ್ಪುತ್ತದೆ. ತೋಟದ ಅಡ್ವಾನ್ಸ್ ಕೆಲಸಗಾರನ ಸಾಲ. ಬೋನಸ್ ಸಾಲವಲ್ಲ, ಆಟಗಾರನದೇ ಹಣ. ಇಲ್ಲಿ ಬಾಕಿ ಇರುವುದು ತಂಡಕ್ಕೂ ಲೀಗ್‌ನ ಮಿತಿಗೂ ನಡುವೆ.

ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಕಟ್ಟಿಕೊಂಡ ಒಪ್ಪಂದ, ಯಾರದ್ದೂ ಅಲ್ಲ. 4 ವರ್ಷ, ಸೈನಿಂಗ್ ಬೋನಸ್ 2 ಕೋಟಿ ಡಾಲರ್. ಮೂಲ ಸಂಬಳ ವರ್ಷವಾರು 20 ಲಕ್ಷ, 1 ಕೋಟಿ, 1.2 ಕೋಟಿ, 1.4 ಕೋಟಿ. ಬೋನಸ್ ವರ್ಷಕ್ಕೆ 50 ಲಕ್ಷದಂತೆ ಕೂಡುತ್ತದೆ. ಹಾಗಾಗಿ ಮಿತಿಯಲ್ಲಿ ಅವನ ಭಾರ 70 ಲಕ್ಷ, 1.5 ಕೋಟಿ, 1.7 ಕೋಟಿ, 1.9 ಕೋಟಿ. ಮೂರನೇ ವರ್ಷದ ಮಾರ್ಚ್‌ನಲ್ಲಿ ಬಿಟ್ಟರೆ ಮೂರು ಮತ್ತು ನಾಲ್ಕನೇ ವರ್ಷದ 50 ಲಕ್ಷಗಳೆರಡೂ ಒಟ್ಟಿಗೆ ಬಂದು 1 ಕೋಟಿ ಡೆಡ್ ಮನಿ. ಉಳಿಯುವುದು 70 ಲಕ್ಷ. ಜೂನ್ 1ರ ನಂತರದ ಲೆಕ್ಕದಲ್ಲಿ ಬಿಟ್ಟರೆ ಈ ವರ್ಷಕ್ಕೆ 50 ಲಕ್ಷ, ಮುಂದಿನ ವರ್ಷಕ್ಕೆ 50 ಲಕ್ಷ. ಈ ವರ್ಷ ಉಳಿಯುವುದು 1.2 ಕೋಟಿ.

ಹಾಗಾದರೆ ಎಲ್ಲರನ್ನೂ ಜೂನ್ ಲೆಕ್ಕದಲ್ಲೇ ಬಿಡಬಹುದಲ್ಲ ಎಂದರೆ, ಇಲ್ಲ. ಮಾರ್ಚ್‌ನಲ್ಲೇ ಬಿಟ್ಟು ಜೂನ್ ಗುರುತು ಹಾಕಿಕೊಳ್ಳುವ ಅವಕಾಶ ತಂಡಕ್ಕೆ ವರ್ಷಕ್ಕೆ ಇಬ್ಬರಿಗೆ ಮಾತ್ರ. ಹಾಗೆ ಗುರುತು ಹಾಕಿದರೂ ಜೂನ್ ಬರುವವರೆಗೆ ಅವನ ಪೂರ್ತಿ 1.7 ಕೋಟಿ ಪುಸ್ತಕದಲ್ಲೇ ಇರುತ್ತದೆ. ಒಳ್ಳೆಯ ಆಟಗಾರರು ಮಾರುಕಟ್ಟೆಯಲ್ಲಿರುವುದು ಮಾರ್ಚ್‌ನಲ್ಲಿ, ಈ ದುಡ್ಡು ಸಿಗುವುದು ಜೂನ್‌ನಲ್ಲಿ. ಹೂ ಮಳೆ ಬೇಕಾದದ್ದು ಮಾರ್ಚ್‌ನಲ್ಲಿ, ಬಂದದ್ದು ಮುಂಗಾರು ಅಂದ ಹಾಗೆ. ಕ್ಯಾಲ್ಕ್ಯುಲೇಟರ್‌ನಲ್ಲಿ ಜೂನ್ ಆಯ್ಕೆ ಒತ್ತಿ ಬಂದ ಉಳಿಕೆಯಲ್ಲಿ ಮಾರ್ಚ್‌ನ ಖರೀದಿ ಮಾಡಿಬಿಡುವುದು ಹೊಸಬರು ಮಾಡುವ ಮೊದಲ ತಪ್ಪು.

ಎರಡನೆಯದು ರಿಸ್ಟ್ರಕ್ಚರ್ ಗುಂಡಿ. ಈ ವಿಮರ್ಶೆಯಲ್ಲಿ ಎಚ್ಚರಿಕೆ ಅಂತ ಒಂದೇ ಮಾತು ಹೇಳಬೇಕಿದ್ದರೆ ಅದು ಇದರ ಬಗ್ಗೆಯೇ. ಮೂಲ ಸಂಬಳದ ದೊಡ್ಡ ಪಾಲನ್ನು ಬೋನಸ್ ಎಂದು ಬದಲಿಸಿ ಮುಂದಿನ ವರ್ಷಗಳಿಗೆ ಹಂಚುವುದೇ ರಿಸ್ಟ್ರಕ್ಚರ್. ಆಟಗಾರನಿಗೆ ಒಂದು ಡಾಲರೂ ಕಡಿಮೆಯಾಗುವುದಿಲ್ಲ, ದುಡ್ಡು ಇನ್ನೂ ಬೇಗ ಸಿಗುತ್ತದೆ, ಹಾಗಾಗಿ ಒಪ್ಪದವರೇ ಕಡಿಮೆ. ಮೇಲಿನ ಆಟಗಾರನ ಎರಡನೇ ವರ್ಷವನ್ನೇ ತೆಗೆದುಕೊಳ್ಳಿ. 1 ಕೋಟಿ ಸಂಬಳದಲ್ಲಿ 12 ಲಕ್ಷ ಉಳಿಸಿ 88 ಲಕ್ಷ ಬದಲಿಸಿದಿರಿ. 12 ಲಕ್ಷಕ್ಕೆ ನಿಲ್ಲಿಸುವುದು ಯಾಕೆಂದರೆ ಕನಿಷ್ಠ ಸಂಬಳದ ಕೆಳಗೆ ಇಳಿಯುವಂತಿಲ್ಲ: 2025ರಲ್ಲಿ 4ರಿಂದ 6 ವರ್ಷ ಆಡಿದವನಿಗೆ ಅದು 11.7 ಲಕ್ಷ, 7 ತುಂಬಿದವನಿಗೆ 12.55 ಲಕ್ಷ. ನಮ್ಮವನು ಮೊದಲ ಗುಂಪಿನವನು ಎಂದಿಟ್ಟುಕೊಳ್ಳಿ. ಒಪ್ಪಂದದ ಬಾಲಕ್ಕೆ ಎರಡು ವಾಯ್ಡ್ ವರ್ಷ ಕಟ್ಟಿದಿರಿ. ಆ ವರ್ಷಗಳಲ್ಲಿ ಅವನು ಆಡುವುದಿಲ್ಲ, ಹಂಚಿಕೆಗೆ ಜಾಗ ಬೇಕೆಂದು ಮಾತ್ರ ಇರುವ ವರ್ಷಗಳವು. ಈಗ 88 ಲಕ್ಷ ಐದು ಭಾಗವಾಗಿ ತಲಾ 17.6 ಲಕ್ಷ. ಎರಡನೇ ವರ್ಷದ ಭಾರ 1.5 ಕೋಟಿಯಿಂದ 79.6 ಲಕ್ಷಕ್ಕೆ ಇಳಿಯಿತು, 70.4 ಲಕ್ಷ ಉಳಿಯಿತು. ಪರದೆಯ ಮೇಲೆ ಅಂಕಿ ಏರುವುದು ಕಂಡು ಸಂತೋಷವೂ ಆಗುತ್ತದೆ.

ಮೂರನೇ ವರ್ಷಕ್ಕೆ ಬನ್ನಿ. ಮೊಣಕಾಲು ಹೋಯಿತು, ಬಿಡಬೇಕು. ಹಳೆಯ ಬೋನಸ್‌ನ ಉಳಿಕೆ 1 ಕೋಟಿ, ಹೊಸತರ ನಾಲ್ಕು ಕಂತು 70.4 ಲಕ್ಷ, ಒಟ್ಟು ಡೆಡ್ ಮನಿ 1.704 ಕೋಟಿ. ಇಟ್ಟುಕೊಂಡರೆ ಭಾರ 1.876 ಕೋಟಿ. ಬಿಟ್ಟು ಉಳಿಸಿದ್ದು ಬರೀ 17.2 ಲಕ್ಷ. ರಿಸ್ಟ್ರಕ್ಚರ್ ಮಾಡದಿದ್ದರೆ ಇದೇ ಜಾಗದಲ್ಲಿ 70 ಲಕ್ಷ ಸಿಗುತ್ತಿತ್ತು. ಬಿಡದೆ ನಾಲ್ಕನೇ ವರ್ಷ ಮುಗಿಸಿ, ಹೊಸ ಒಪ್ಪಂದ ಮಾಡದೆ ಕಳಿಸಿದರೂ ಎರಡು ವಾಯ್ಡ್ ವರ್ಷದ 35.2 ಲಕ್ಷ ಐದನೇ ವರ್ಷದ ತಲೆಗೆ ಒಟ್ಟಿಗೆ ಬೀಳುತ್ತದೆ. ಹಾಗೆಂದು ರಿಸ್ಟ್ರಕ್ಚರ್ ಕೆಟ್ಟದ್ದಲ್ಲ. ಮಿತಿ ಹೆಚ್ಚುತ್ತಲೇ ಇದೆ: 1994ರಲ್ಲಿ ಶುರುವಾದಾಗ 3.46 ಕೋಟಿ, 2024ರಲ್ಲಿ 25.54 ಕೋಟಿ. ಇಂದಿನ ಒಂದು ಲಕ್ಷಕ್ಕಿಂತ ನಾಳಿನ ಒಂದು ಲಕ್ಷ ಹಗುರ ಎಂಬ ವಾದದಲ್ಲಿ ಹುರುಳಿದೆ. ಆದರೆ 2021ರಲ್ಲಿ ಕೊರೊನಾ ಹೊಡೆತಕ್ಕೆ ಮಿತಿ 19.82 ಕೋಟಿಯಿಂದ 18.25 ಕೋಟಿಗೆ ಇಳಿದದ್ದೂ ಉಂಟು. 26 ವಯಸ್ಸಿನ, ಇನ್ನೂ ಮೂರು ವರ್ಷ ಖಂಡಿತ ಬೇಕಾದ ಆಟಗಾರನ ಮೇಲೆ ಮಾಡಿ. 31 ದಾಟಿದವನ ಮೇಲೆ ಬೇಡ.

ಯಂತ್ರ ಇದನ್ನೆಲ್ಲ ಮುಚ್ಚಿಡುವುದಿಲ್ಲ, ಕೂಗಿ ಹೇಳುವುದೂ ಇಲ್ಲ. ಕಣ್ಣು ಹೋಗುವುದು ಈ ವರ್ಷದ ಉಳಿಕೆಯ ಕಡೆಗೆ. ಮುಂದಿನ ವರ್ಷಗಳನ್ನು ನೋಡಲು ಆಟಗಾರನ ಹೆಸರು ಒತ್ತಿ ಅವನ ಪುಟಕ್ಕೆ ಹೋಗಬೇಕು. ಅಲ್ಲಿ ವರ್ಷವಾರು ಮೂಲ ಸಂಬಳ, ಬೋನಸ್ ಹಂಚಿಕೆ, ಖಾತರಿ ಹಣ ಎಲ್ಲ ಸಾಲಾಗಿ ಇದೆ, ಜಾಲತಾಣದ ನಿಜವಾದ ಆಸ್ತಿ ಆ ಪುಟಗಳೇ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು, ಪ್ರತಿ ನಿರ್ಧಾರಕ್ಕೂ ಈ ವರ್ಷ ಏನಾಯಿತು, ಮುಂದಿನ ವರ್ಷ ಏನಾಯಿತು, ಆಮೇಲೇನು ಎಂದು ಕೈಯಲ್ಲೇ ಬರೆದುಕೊಳ್ಳಿ. ವಾಯ್ಡ್ ವರ್ಷದ ಲೆಕ್ಕವನ್ನಂತೂ ಕೈಯಲ್ಲೇ ಹಾಕಬೇಕು.

ಉಳಿಕೆಯ ಅಂಕಿಯಲ್ಲೇ ಇನ್ನೊಂದು ಗೊಂದಲವಿದೆ. ಮಾರ್ಚ್‌ನಿಂದ ಆಟದ ಸೀಸನ್ ಶುರುವಾಗುವವರೆಗೆ ಪಟ್ಟಿಯಲ್ಲಿ 90 ಜನರಿದ್ದರೂ ಮಿತಿಗೆ ಲೆಕ್ಕ ಹೆಚ್ಚು ಭಾರದ 51 ಜನರದ್ದು ಮಾತ್ರ. ಹಾಗಾಗಿ 1.7 ಕೋಟಿಯವನನ್ನು ಬಿಟ್ಟು 70 ಲಕ್ಷ ಉಳಿಯಿತು ಎಂದರೆ ಅಷ್ಟೂ ಕೈಗೆ ಬರುವುದಿಲ್ಲ. 52ನೆಯವನು ಮೇಲೆ ಬಂದು ಕೂರುತ್ತಾನೆ. ಅವನ ಸಂಬಳ 9.6 ಲಕ್ಷವಾದರೆ ನಿಜವಾದ ಉಳಿಕೆ 60.4 ಲಕ್ಷ. ಹೊಸಬನನ್ನು ತಂದಾಗ ಇದು ಉಲ್ಟಾ ಆಗಿ ನಿಮಗೇ ಅನುಕೂಲ. ತಂಡಗಳ ಉಳಿಕೆ ಪಟ್ಟಿಯಲ್ಲಿ ‘ಎಫೆಕ್ಟಿವ್’ ಎಂಬ ಬೇರೆ ಕಾಲಂ ಇಟ್ಟಿರುವುದು ಈ ತಾಣದ ಒಳ್ಳೆಯ ಕೆಲಸ. ಕನಿಷ್ಠ 51 ಜನರನ್ನು ತುಂಬಿ, ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವಾಗ, ಬರುವ ಹುಡುಗರ ಸಂಬಳವನ್ನೂ ಕಳೆದ ಮೇಲೆ ಉಳಿಯುವುದು ಅದು. ಖರೀದಿಗೆ ನಂಬಬೇಕಾದದ್ದು ಆ ಕಾಲಂ.

ಅದನ್ನೂ ಪೂರ್ತಿ ಖರ್ಚು ಮಾಡುವಂತಿಲ್ಲ. ಸೆಪ್ಟೆಂಬರ್‌ನಲ್ಲಿ 51ರ ರಿಯಾಯಿತಿ ಮುಗಿದು 53 ಜನರೂ, ಗಾಯಾಳು ಪಟ್ಟಿಯವರೂ, ಅಭ್ಯಾಸಕ್ಕೆಂದು ಇಟ್ಟುಕೊಳ್ಳುವ ಪ್ರಾಕ್ಟೀಸ್ ಸ್ಕ್ವಾಡ್‌ನ 16 ಜನರೂ ಲೆಕ್ಕಕ್ಕೆ ಬರುತ್ತಾರೆ. 2025ರ ದರದಲ್ಲಿ ಪ್ರಾಕ್ಟೀಸ್ ಸ್ಕ್ವಾಡ್‌ನವನಿಗೆ ವಾರಕ್ಕೆ ಕನಿಷ್ಠ 13,000 ಡಾಲರ್, 18 ವಾರ, 16 ಜನ: 37.44 ಲಕ್ಷ. ಕೊನೆಯ ಇಬ್ಬರು ಹೊಸಬರಿಗೆ ತಲಾ 8.4 ಲಕ್ಷದಂತೆ 16.8 ಲಕ್ಷ. ಇಷ್ಟಕ್ಕೇ 54 ಲಕ್ಷ ದಾಟಿತು, ಇನ್ನೂ ಯಾರಿಗೂ ಗಾಯವಾಗಿಲ್ಲ. ಒಂದು ಕೋಟಿ ಡಾಲರ್ ಬದಿಗಿಟ್ಟು ಆಟ ಮುಗಿಸಿದರೆ ನಿಮ್ಮ ತಂಡ ನವೆಂಬರ್‌ವರೆಗೆ ಉಸಿರಾಡುತ್ತದೆ. ಮಿಕ್ಕದ್ದು ಹಾಳಾಗುವುದಿಲ್ಲ, ಮುಂದಿನ ವರ್ಷದ ಮಿತಿಗೆ ಸೇರಿಸಿಕೊಳ್ಳಬಹುದು.

ಟ್ರೇಡ್ ಬಗ್ಗೆ ಹೆಚ್ಚಿಲ್ಲ. ಮೂಲ ಸಂಬಳ ಹೊಸ ತಂಡಕ್ಕೆ ಹೋಗುತ್ತದೆ, ಕೊಟ್ಟಾಗಿರುವ ಬೋನಸ್‌ನ ಉಳಿಕೆ ಹಳೆಯ ತಂಡದ ಕೊರಳಿಗೇ. 2022ರಲ್ಲಿ ಅಟ್ಲಾಂಟಾ ಮ್ಯಾಟ್ ರಯಾನ್‌ನನ್ನು ಇಂಡಿಯಾನಾಪೊಲಿಸ್‌ಗೆ ಕಳಿಸಿದಾಗ ಹೀಗೆ ಉಳಿದದ್ದು ಸುಮಾರು 4.05 ಕೋಟಿ. ಡೆನ್ವರ್ 2024ರಲ್ಲಿ ರಸೆಲ್ ವಿಲ್ಸನ್‌ನನ್ನು ಬಿಟ್ಟಾಗ ಎರಡು ವರ್ಷಕ್ಕೆ ಹಂಚಿಯೂ ಒಟ್ಟು 8.5 ಕೋಟಿ. ಅದರಲ್ಲಿ ದೊಡ್ಡ ಪಾಲು ಖಾತರಿ ಕೊಟ್ಟ ಸಂಬಳ ಮತ್ತು ಬೋನಸ್. ಖಾತರಿ ಸಂಬಳ ಇದ್ದವನನ್ನು ಬಿಟ್ಟರೆ ಅದೂ ಡೆಡ್ ಮನಿಯೇ. ಎಷ್ಟೋ ಒಪ್ಪಂದಗಳಲ್ಲಿ ಮಾರ್ಚ್‌ನಲ್ಲಿ ಲೀಗ್ ವರ್ಷ ಶುರುವಾದ ಮೂರನೇ ಅಥವಾ ಐದನೇ ದಿನ ಮುಂದಿನ ಸಂಬಳ ಖಾತರಿಯಾಗಿ ಬಿಡುತ್ತದೆ. ಆ ದಿನಾಂಕ ಕಳೆದ ಮೇಲೆ ಬಿಡುವ ಗುಂಡಿ ಒತ್ತಿ ಪ್ರಯೋಜನವಿಲ್ಲ. ಆಟಗಾರನ ಪುಟದ ಕೆಳಗಿನ ಟಿಪ್ಪಣಿ ಓದದೆ ಯಾರನ್ನೂ ಬಿಡಬೇಡಿ.

ಕೊರತೆಗಳು ಇಲ್ಲದಿಲ್ಲ. ಅಗಲವಾದ ಕೋಷ್ಟಕಗಳು ಫೋನ್‌ನಲ್ಲಿ ಕಿರಿಕಿರಿ. ಫೋನ್ ಅಡ್ಡ ಹಿಡಿದರೂ ಬೆರಳು ಪಕ್ಕದ ಸಾಲಿಗೆ ಹೋಗುತ್ತದೆ, ಲ್ಯಾಪ್‌ಟಾಪ್ ಇದ್ದವರು ಅದರಲ್ಲೇ ಮಾಡಿ. ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುವ ಜುಲೈ ತಿಂಗಳಲ್ಲಿ ಮಾಡಿದ ಬದಲಾವಣೆಗಳನ್ನು ಆಗಾಗ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು ಕ್ಷೇಮ. ಪ್ರೋತ್ಸಾಹಧನದ ಲೆಕ್ಕ ಇನ್ನೊಂದು ತೊಡಕು: ಹಿಂದಿನ ವರ್ಷ ಮುಟ್ಟಿದ ಗುರಿಯಾದರೆ ಈ ವರ್ಷದ ಮಿತಿಗೇ ಸೇರುತ್ತದೆ, ಮುಟ್ಟದ್ದಾದರೆ ಗಳಿಸಿದ ಮೇಲೆ ಮುಂದಿನ ವರ್ಷಕ್ಕೆ. ಇದರಿಂದಾಗಿ ಸ್ಪೋಟ್ರ್ಯಾಕ್‌ನಂಥ ಇನ್ನೊಂದು ತಾಣದ ಅಂಕಿಗೂ ಇಲ್ಲಿನದಕ್ಕೂ ಕೆಲವು ಲಕ್ಷ ವ್ಯತ್ಯಾಸ ಬರುವುದುಂಟು. ಆಗ ಆಟಗಾರರ ಸಂಘ ಪ್ರಕಟಿಸುವ ದೈನಂದಿನ ಉಳಿಕೆ ಪಟ್ಟಿ ನೋಡಿ ಸರಿಪಡಿಸಿಕೊಳ್ಳಬಹುದು. ಸ್ಪೋಟ್ರ್ಯಾಕ್ ಹಲವು ಕ್ರೀಡೆಗಳಿಗೆ ಹರಡಿಕೊಂಡಿದೆ, ಓವರ್ ದ ಕ್ಯಾಪ್ ಫುಟ್‌ಬಾಲ್ ಒಂದನ್ನೇ ಆಳವಾಗಿ ಅಗೆಯುತ್ತದೆ. ತಂಡ ಕಟ್ಟುವ ಆಟಕ್ಕೆ ಎರಡನೆಯದೇ ಮೇಲು.

ನಮ್ಮ ಹರಾಜು ಟೂರ್ನಿ ನಡೆಸುವವರಿಗೆ ಇದರಿಂದ ಏನು? ಒಂದೇ ಸೀಸನ್‌ಗೆ ಕೊಳ್ಳುವ ಪದ್ಧತಿಗೆ ಏನೂ ಬೇಡ. ಆಟಗಾರನನ್ನು ಎರಡು ಮೂರು ವರ್ಷಕ್ಕೆ ಉಳಿಸಿಕೊಳ್ಳುವ ನಿಯಮ ತರುವ ಯೋಚನೆಯಿದ್ದರೆ ಮಾತ್ರ, ಬಿಟ್ಟವನ ಪಾಯಿಂಟ್ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಬರೆದಿಡಿ. ಪಂಚಾಯಿತಿ ಆಗುವುದು ಅಲ್ಲೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಈ ತಲೆನೋವೇ ಇಲ್ಲ. ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಇದ್ದವರೇ ತಂಡ, ಟ್ರೇಡ್ ಮಾಡೋಣವೆಂದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ.

ಹೊಸಬರು ನ್ಯೂ ಆರ್ಲಿಯನ್ಸ್ ತಂಡದಿಂದ ಶುರುಮಾಡಿ. ವರ್ಷಗಟ್ಟಲೆ ರಿಸ್ಟ್ರಕ್ಚರ್ ಮೇಲೆ ರಿಸ್ಟ್ರಕ್ಚರ್ ಮಾಡಿ ಹೆಸರಾದ ತಂಡ, ಎಲ್ಲ ಗುಂಡಿಗಳ ಪರಿಣಾಮವೂ ಒಂದೇ ಕಡೆ ಕಾಣುತ್ತದೆ. ಕಾಲವೆಂದರೆ ಮಾರ್ಚ್. ಲೀಗ್ ವರ್ಷ ಶುರುವಾಗುವುದು ನ್ಯೂಯಾರ್ಕ್‌ನ ಸಂಜೆ 4ಕ್ಕೆ, ನಮ್ಮಲ್ಲಿ ರಾತ್ರಿ 1.30. ಅಷ್ಟರೊಳಗೆ ಪ್ರತಿ ತಂಡವೂ ಮಿತಿಯೊಳಗೆ ಇರಲೇಬೇಕು. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಜೆಟ್ ಬದಲಿಸಲು ಎದ್ದಿರುವವರಿಗೆ ಅದು ಅಂಥ ಹೊತ್ತಲ್ಲದ ಹೊತ್ತೇನೂ ಅಲ್ಲ. ಆದರೆ ಆ ರಾತ್ರಿ ಸುದ್ದಿಯಲ್ಲಿ ಬರುವುದು ಒಪ್ಪಂದದ ಒಟ್ಟು ಮೊತ್ತ ಮಾತ್ರ. ಬೋನಸ್ ಎಷ್ಟು, ಯಾವ ವರ್ಷಕ್ಕೆ ಎಷ್ಟು ಎಂಬ ವಿವರ ಹೊರಬೀಳಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಪರದೆಯ ಮೇಲಿನ ಉಳಿಕೆಯನ್ನು ಪೆನ್ಸಿಲ್‌ನಲ್ಲೇ ಬರೆದುಕೊಳ್ಳಿ.