ಲಾಕ್ ಇಲ್ಲದ ಚಾಕು, ಲಂಡನ್ನಿನ ಜೇಬು: ವಿಕ್ಟೋರಿನಾಕ್ಸ್ ಕ್ಲೈಂಬರ್, ದೀರ್ಘ ಬಳಕೆಯ ನಂತರ

ಮಾದರಿ: ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕ್ಲೈಂಬರ್, ದೊಡ್ಡದೊಂದು ಚಿಕ್ಕದೊಂದು ಅಲಗು, ಕತ್ತರಿ, ಕೊಕ್ಕೆ, ಕಾರ್ಕ್‌ಸ್ಕ್ರೂ ಎಲ್ಲ ಒಳಗೇ ಮಡಚಿಕೊಳ್ಳುವ ಜೇಬಿನ ಚಾಕು, ಕೆಂಪು ಹಿಡಿ, ಮಡಚಿದಾಗ 91 ಮಿ.ಮೀ. ಉದ್ದ, ತೂಕ 82 ಗ್ರಾಂ ಆಸುಪಾಸು. ಬಳಕೆ: ಹೆಚ್ಚುಕಮ್ಮಿ ದಿನವೂ, ಕೆಲವು ವರ್ಷಗಳಿಂದ. ಊರು: ಲಂಡನ್.

ಮೊದಲೇ ಹೇಳಿಬಿಡಬೇಕಾದದ್ದು, ಈ ಚಾಕುವಿನ ಅಲಗು ತೆರೆದ ಮೇಲೆ ಲಾಕ್ ಆಗುವುದಿಲ್ಲ. ಹಿಂದಿನ ಸ್ಪ್ರಿಂಗು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ, ಅಷ್ಟೇ. ಅಲಗಿನ ಬೆನ್ನಿನ ಮೇಲೆ ಜೋರಾಗಿ ಒತ್ತಿದರೆ ಮಡಚಿಕೊಳ್ಳುತ್ತದೆ. ಬೇರೆ ಊರಲ್ಲಾದರೆ ಇದನ್ನು ಕೊರತೆ ಎನ್ನುತ್ತಾರೆ. ಲಂಡನ್ನಿನಲ್ಲಿ ಇದನ್ನು ಕೊಳ್ಳುವುದೇ ಆ ಕಾರಣಕ್ಕೆ.

1988ರ ಕ್ರಿಮಿನಲ್ ಜಸ್ಟಿಸ್ ಆ್ಯಕ್ಟಿನ 139ನೇ ಸೆಕ್ಷನ್ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನ ಸಾರ್ವಜನಿಕ ಜಾಗದಲ್ಲಿ ಅಲಗು ಅಥವಾ ಚೂಪು ಮೊನೆ ಇರುವ ಯಾವ ವಸ್ತುವನ್ನೂ ತಕ್ಕ ಕಾರಣವಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಶಿಕ್ಷೆ ಗರಿಷ್ಠ 4 ವರ್ಷ ಜೈಲು. ವಿನಾಯಿತಿ ಒಂದಕ್ಕೆ ಮಾತ್ರ: ಮಡಚುವ ಜೇಬಿನ ಚಾಕು, ಅದೂ ಹರಿತವಾದ ಅಂಚು 3 ಇಂಚು, ಅಂದರೆ 7.62 ಸೆಂ.ಮೀ. ಮೀರದಿದ್ದರೆ. ಇಂಥ ಚಾಕು ಜೇಬಿನಲ್ಲಿದ್ದರೆ ಯಾಕೆ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ ಆ ಸೆಕ್ಷನ್ನಿನಡಿ ಕಾರಣ ಕೊಡಬೇಕಾಗಿಲ್ಲ.

ಲಾಕ್ ಎಂಬ ಪದ ಕಾಯ್ದೆಯ ಪುಟದಲ್ಲಿ ಇಲ್ಲ. ಅದು ಬಂದದ್ದು ಕೋರ್ಟಿನಿಂದ. 1990ರ ದಶಕದ ಆರಂಭದ ಹ್ಯಾರಿಸ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದು ಇಷ್ಟು: ಯಾವ ಹೊತ್ತಿನಲ್ಲಾದರೂ ಸುಮ್ಮನೆ ಒತ್ತಿದರೆ ಮಡಚಿಕೊಳ್ಳುವುದು ಮಾತ್ರ ಮಡಚುವ ಚಾಕು, ಗುಂಡಿ ಒತ್ತಿಯೋ ಪಟ್ಟಿ ಸರಿಸಿಯೋ ಬಿಡಿಸಬೇಕಾದದ್ದು, ತೆರೆದಿರುವಷ್ಟು ಹೊತ್ತೂ, ಮಡಚದ ಚಾಕುವಿಗೇ ಸಮ. ಆಮೇಲೆ ಮೇಲ್ಮನವಿ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹೀಗಾಗಿ ಅಲಗು 2 ಇಂಚೇ ಇದ್ದರೂ ಲಾಕ್ ಇದ್ದರೆ ವಿನಾಯಿತಿ ಹೋಯಿತು. ಆಗ ತಕ್ಕ ಕಾರಣ ಇತ್ತೆಂದು ತೋರಿಸುವ ಹೊಣೆ ಇಟ್ಟುಕೊಂಡವರದು.

ಜನ ಎಡವುವುದು ಇಲ್ಲೇ. ಅಂಗಡಿಯಲ್ಲಿ ಮುಚ್ಚುಮರೆಯಿಲ್ಲದೆ ಮಾರುತ್ತಾರೆ, ಅಂದಮೇಲೆ ಜೇಬಿನಲ್ಲೂ ಇಟ್ಟುಕೊಳ್ಳಬಹುದು ಎಂದು ಎಣಿಸುತ್ತಾರೆ. ಕೊಳ್ಳುವುದು ಬೇರೆ, ಬೀದಿಗೆ ಒಯ್ಯುವುದು ಬೇರೆ. ವಿಕ್ಟೋರಿನಾಕ್ಸಿನದೇ 111 ಮಿ.ಮೀ. ಸರಣಿಯ ಚಾಕುಗಳನ್ನು ನೋಡಿ: ಅದೇ ಕೆಂಪು ಹಿಡಿ, ಅದೇ ಶಿಲುಬೆಯ ಗುರುತು, ಆದರೆ ಸಾಮಾನ್ಯವಾಗಿ ದೊಡ್ಡ ಅಲಗು ಲಾಕ್ ಆಗುತ್ತದೆ. ಅದೇ ಕಂಪನಿಯ ಸ್ವಿಸ್‌ಟೂಲ್‌ ಇಕ್ಕಳದ ಅಲಗಿಗೂ ಲಾಕ್ ಇದೆ. ಲೆದರ್‌ಮ್ಯಾನ್ ಕಂಪನಿಯ ಇಕ್ಕಳ ವೇವ್‌ದೂ ಇದೇ ಕಥೆ. ಫ್ರಾನ್ಸಿನ ಓಪಿನೆಲ್ ಮರದ ಹಿಡಿಯ ಚಾಕು ನೋಡಲು ಸಾಧು, ಆದರೆ 6ನೇ ನಂಬರಿನಿಂದ ಮೇಲಿನವಕ್ಕೆ ತಿರುಗಿಸುವ ಲಾಕ್ ಉಂಗುರ ಇರುತ್ತದೆ. ಎಲ್ಲರೂ ಕೊಳ್ಳುವ 8ನೇ ನಂಬರಿನ ಅಲಗು 8.5 ಸೆಂ.ಮೀ.; ಎರಡು ಕಡೆಯಿಂದಲೂ ಅದು ನಪಾಸು. ಸ್ಪ್ರಿಂಗು ತಳ್ಳಿ ಅಲಗು ತಾನೇ ತೆರೆದುಕೊಳ್ಳುವಂಥದ್ದನ್ನಂತೂ 2019ರ ಆಫೆನ್ಸಿವ್ ವೆಪನ್ಸ್ ಆ್ಯಕ್ಟ್ ಜಾರಿಯಾದ ಮೇಲೆ, 2021ರಿಂದ, ಮನೆಯಲ್ಲೂ ಇಟ್ಟುಕೊಳ್ಳುವಂತಿಲ್ಲ.

ಕಾರ್ಡ್‌ಬೋರ್ಡ್ ಕೊಯ್ಯುವ, ಅಲಗು ಮುಂದಕ್ಕೆ ತಳ್ಳುವ ಅಗ್ಗದ ಕಟರ್ ಕೂಡ ಮಡಚುವ ಚಾಕು ಅಲ್ಲ. ಗೋದಾಮಿನ ಕೆಲಸ ಮುಗಿಸಿ ಅದನ್ನು ಜಾಕೆಟ್ಟಿನಲ್ಲೇ ಮರೆತು ಸಂಜೆ ಬೇರೆಲ್ಲಿಗೋ ಹೋದರೆ ಕಷ್ಟ. ಮರೆತಿದ್ದೆ ಎನ್ನುವುದೊಂದೇ ತಕ್ಕ ಕಾರಣ ಆಗುವುದಿಲ್ಲ. ಇನ್ನೊಂದು ವಿಚಿತ್ರ: ಬೆಣ್ಣೆ ಸವರುವ ಮೊಂಡು ಚಾಕುವನ್ನೂ ಅಲ್ಲಿನ ನ್ಯಾಯಾಲಯ ಅಲಗುಳ್ಳ ವಸ್ತು ಎಂದಿದೆ, ಸ್ಕ್ರೂ ಡ್ರೈವರನ್ನು ಅಲ್ಲ ಎಂದಿದೆ.

ಈಗ ಕ್ಲೈಂಬರ್ ಕಡೆಗೆ. ದೊಡ್ಡ ಅಲಗನ್ನು ಕೀಲಿನಿಂದ ಮೊನೆಯವರೆಗೆ ಅಳೆದರೂ 7 ಸೆಂ.ಮೀ. ಅಕ್ಕಪಕ್ಕದಲ್ಲೇ ನಿಲ್ಲುತ್ತದೆ. ಕಾಯ್ದೆ ಕೇಳುವುದು ಹರಿತವಾದ ಅಂಚಿನ ಉದ್ದವನ್ನಷ್ಟೇ, ಅದು ಇನ್ನೂ ಕಡಿಮೆ. ಹೇಗೆ ಅಳೆದರೂ ಮಿತಿಯೊಳಗೇ ಇರುವ ಚಾಕು ಒಳ್ಳೆಯದು. ಸ್ಪೈಡರ್ಕೊ ಕಂಪನಿಯ ಯುಕೆ ಪೆನ್‌ನೈಫ್ ಬ್ರಿಟನ್ನಿನ ನಿಯಮಕ್ಕೆಂದೇ ಮಾಡಿದ ಲಾಕ್ ಇಲ್ಲದ ಚಾಕು, ಹರಿತದಲ್ಲಿ ಕ್ಲೈಂಬರಿಗಿಂತ ಎಷ್ಟೋ ಮೇಲು, ಒಂದೇ ಕೈಯಲ್ಲಿ ತೆರೆಯುತ್ತದೆ. ಕಾನೂನು ಅದಕ್ಕೂ ಅಡ್ಡಿಯಿಲ್ಲ. ಆದರೆ ಆಫೀಸಿನ ಅಡುಗೆಕೋಣೆಯಲ್ಲಿ ಹೆಬ್ಬೆರಳಿನಿಂದ ಅದನ್ನು ತೆರೆದರೆ ಪಕ್ಕದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕ್ಲೈಂಬರನ್ನು ಎರಡು ಕೈಯಲ್ಲಿ, ಉಗುರು ಸಿಕ್ಕಿಸಿ, ನಿಧಾನಕ್ಕೆ ತೆರೆಯಬೇಕು. ಯಾರೂ ತಿರುಗಿ ನೋಡುವುದಿಲ್ಲ. ಚಾಕುವಿನ ಸುದ್ದಿಯಿಂದ ಬೆಚ್ಚಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ದಿನಬಳಕೆಯಲ್ಲಿ ಅತಿ ಹೆಚ್ಚು ದುಡಿಯುವುದು ಅಲಗಲ್ಲ, ಕತ್ತರಿ. ಗಟ್ಟಿ ಪ್ಲಾಸ್ಟಿಕ್ ಪ್ಯಾಕೆಟ್, ಔಷಧಿಯ ಹಾಳೆ, ಬಟ್ಟೆಯ ನೂಲು, ಕೊತ್ತಂಬರಿ ಕಟ್ಟಿನ ದಾರ, ಎಲ್ಲಕ್ಕೂ ಅದೇ. ಅದರ ದುರ್ಬಲ ಜಾಗ ಒಳಗಿನ ಸಣ್ಣ ಸ್ಪ್ರಿಂಗು. ಕತ್ತರಿಯನ್ನು ಅರ್ಧ ಮಡಚಿದ್ದಾಗ ಒತ್ತಿದರೆ, ಇಲ್ಲವೇ ತಂತಿ ಕತ್ತರಿಸಲು ಹೋದರೆ, ಅದು ಬಾಗಿ ಮುರಿಯುತ್ತದೆ. ಬಿಡಿಭಾಗವಾಗಿ ಸಿಗುತ್ತದೆ, ಬದಲಿಸಬಹುದು. ಬೆನ್ನ ಮೇಲಿನ ಕೊಕ್ಕೆ ಯಾತಕ್ಕೆ ಎಂದು ಕೇಳುವವರು ಟೂಟಿಂಗ್ ಅಥವಾ ಈಸ್ಟ್ ಹ್ಯಾಮ್ ಕಡೆಯ ಅಂಗಡಿಯಿಂದ ಅಕ್ಕಿ-ತರಕಾರಿಯ ತೆಳು ಪ್ಲಾಸ್ಟಿಕ್ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ನಡೆದು ನೋಡಲಿ. ಚೀಲದ ಕಿವಿಗಳನ್ನು ಕೊಕ್ಕೆಗೆ ಹಾಕಿ ಚಾಕುವಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳು ಕೊಯ್ಯುವುದಿಲ್ಲ.

ಲಾಕ್ ಇಲ್ಲದ ಚಾಕುವಿಗೆ ಕೈ ಪಳಗಬೇಕು. ನಿಯಮ ಒಂದೇ: ಎಳೆದು ಕೊಯ್ಯಬೇಕು, ಚುಚ್ಚಬಾರದು. ಹಣ್ಣು ಹೆಚ್ಚುವಾಗ ಒತ್ತಡ ಹರಿತದ ಕಡೆಯಿಂದ ಬರುತ್ತದೆ, ಅಲಗು ಇನ್ನಷ್ಟು ತೆರೆದುಕೊಳ್ಳುವತ್ತ ಸರಿಯುತ್ತದೆ, ಅಪಾಯವಿಲ್ಲ. ದಪ್ಪ ರಟ್ಟಿನೊಳಗೆ ಮೊನೆ ಇಳಿಸಿ, ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಹೊರಗೆಳೆಯುವಾಗ ಒತ್ತಡ ಬೆನ್ನಿಗೆ ಬೀಳುತ್ತದೆ; ಬೆರಳ ಗೆಣ್ಣಿನ ಮೇಲೆ ಅಲಗು ಮುಚ್ಚುವುದು ಆಗಲೇ. ಪಾರ್ಸೆಲ್ಲಿಗೆ ಚಿಕ್ಕ ಅಲಗನ್ನು ಬಳಸಿ, ಟೇಪಿನ ಮೇಲೆ ಓರೆಯಾಗಿ ಎಳೆದರೆ ಸಾಕು. ಹಿಂಬದಿಯ ತೂತು ಕೊರೆಯುವ ಮೊಳೆಗೂ ಲಾಕ್ ಇಲ್ಲ: ಬೆಲ್ಟಿಗೆ ತೂತು ಮಾಡುವಾಗ ನೇರ ಕೆಳಕ್ಕೆ ಒತ್ತಿ ತಿರುಗಿಸಬೇಕು, ಓರೆ ಹಿಡಿದರೆ ಮಡಚುತ್ತದೆ. ಮಾವಿನ ಹಣ್ಣಿನ ಕೆನ್ನೆ ಕೊಯ್ಯಲು ದೊಡ್ಡ ಅಲಗು ಹೇಳಿ ಮಾಡಿಸಿದಂತಿದೆ. ವಾಟೆಯ ಸುತ್ತ ಗೀರಲು ಹೋಗಬೇಡಿ.

ಅಲಗಿನ ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56. ಇದು ಮೆದು ಪಕ್ಷ. ದಿನಕ್ಕೆರಡು ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದರೆ ಬೇಗನೆ ಮೊಂಡಾಗುತ್ತದೆ. ಹಾಗೆಯೇ ಬೇಗನೆ ಹರಿತವೂ ಆಗುತ್ತದೆ: 1000 ನಂಬರಿನ ನೀರುಕಲ್ಲಿನ ಮೇಲೆ, ಪ್ರತಿ ಬದಿಗೆ 15ರಿಂದ 20 ಡಿಗ್ರಿ ಕೋನದಲ್ಲಿ, ಹತ್ತು ಹತ್ತು ಸಲ ಎಳೆದು, ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಮೇಲೆ ಸವರಿದರೆ ಟೊಮೆಟೊ ಸಿಪ್ಪೆ ಜಾರದೆ ಕೊಯ್ಯುತ್ತದೆ. ಎರಡು ಚಕ್ರಗಳ ನಡುವೆ ಎಳೆಯುವ ಅಗ್ಗದ ಸಾಣೆ ಡಬ್ಬಿ ಬೇಡ. ಅದು ಅಲಗನ್ನು ತಿನ್ನುತ್ತದೆ, ಬುಡದ ಹತ್ತಿರ ಕುಳಿ ಬೀಳಿಸುತ್ತದೆ.

ಜೇಬಿನ ಹತ್ತಿಧೂಳು ಕೀಲಿನಲ್ಲಿ ಸೇರಿಕೊಂಡು ಅಲಗು ಗಟ್ಟಿಯಾಗುವುದು ಮಾಮೂಲು. ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಪ್ರತಿ ಅಲಗನ್ನೂ ಹತ್ತಾರು ಸಲ ತೆರೆದು ಮುಚ್ಚಿ, ಪೂರ್ತಿ ಒಣಗಿಸಿ, ಕೀಲಿಗೆ ಒಂದೊಂದು ಹನಿ ಎಣ್ಣೆ ಬಿಡಬೇಕು. ಇಲ್ಲಿ ನಮ್ಮವರು ಮಾಡುವ ತಪ್ಪು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಲಂಡನ್ನಿನ ನವೆಂಬರಿನಲ್ಲಿ ಕೀಲಿಗೆ ಮೇಣ ತುಂಬಿದ ಹಾಗಾಗುತ್ತದೆ. ಅಡುಗೆ ಎಣ್ಣೆಗಳು ಅಂಟಾಗುತ್ತವೆ. ಕಂಪನಿಯ ಎಣ್ಣೆಯೋ, ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಆಯಿಲ್ಲೋ ಸರಿ. ನಿಂಬೆ, ಹುಣಸೆ, ಉಪ್ಪಿನಕಾಯಿ ತಾಗಿದ ದಿನ ತೊಳೆಯದೆ ಮಡಚಿಟ್ಟರೆ ಬೂದು ಕಲೆ ನಿಲ್ಲುತ್ತದೆ, ಸ್ಟೇನ್‌ಲೆಸ್ ಆದರೂ. ಹಲ್ಲುಕಡ್ಡಿ ಕಳೆಯುವುದು ಖಚಿತ. ಹಿಡಿಯ ಕೆಂಪು ಪ್ಲಾಸ್ಟಿಕ್ಕಿಗೆ ಬೀಗದ ಕೈ ಗೊಂಚಲು ತಾಗಿ ಗೀರು ಬೀಳುತ್ತದೆ. ಬೀಗದ ಕೈಗಳನ್ನು ಬೇರೆ ಜೇಬಿಗೆ ಹಾಕಿ.

ಇನ್ನು ಪೊಲೀಸರು ನಿಲ್ಲಿಸಿ ಶೋಧಿಸಿದರೆ. ಸಾಮಾನ್ಯವಾಗಿ ಅವರಿಗೆ ಅನುಮಾನಕ್ಕೆ ಆಧಾರ ಬೇಕು. ಆದರೆ 1994ರ ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಪಬ್ಲಿಕ್ ಆರ್ಡರ್ ಆ್ಯಕ್ಟಿನ 60ನೇ ಸೆಕ್ಷನ್ ಜಾರಿಯಲ್ಲಿರುವ ಪ್ರದೇಶದಲ್ಲಿ ಅದೂ ಬೇಕಿಲ್ಲ. ಜೇಬಿಗೆ ಕೈ ಹಾಕಬೇಡಿ. ಬಲ ಜೇಬಿನಲ್ಲಿ ಲಾಕ್ ಇಲ್ಲದ ಸಣ್ಣ ಮಡಚುವ ಚಾಕು ಇದೆ ಎಂದು ಮೊದಲೇ ಬಾಯಲ್ಲಿ ಹೇಳಿ, ತೆಗೆಯುವುದನ್ನು ಅವರಿಗೇ ಬಿಡಿ. ಯಾಕೆ ಎಂದು ಕೇಳಿದರೆ ಇರುವುದನ್ನೇ ಹೇಳಿ: ಹಣ್ಣಿಗೆ, ಪಾರ್ಸೆಲ್ಲಿಗೆ. ಸ್ವರಕ್ಷಣೆಗೆ ಎಂಬ ಮಾತು ಮಾತ್ರ ತಮಾಷೆಗೂ ಬರಬಾರದು. 1953ರ ಪ್ರಿವೆನ್ಷನ್ ಆಫ್ ಕ್ರೈಮ್ ಆ್ಯಕ್ಟ್ ಪ್ರಕಾರ ಯಾರಿಗಾದರೂ ಗಾಯ ಮಾಡುವ ಉದ್ದೇಶದಿಂದ ಇಟ್ಟುಕೊಂಡ ಯಾವ ವಸ್ತುವೂ ಆಯುಧವೇ, ಇಂಚಿನ ಲೆಕ್ಕ ಅಲ್ಲಿಲ್ಲ. ಆ ಒಂದು ಮಾತಿನಿಂದ ಕಾನೂನುಬದ್ಧ ಚಾಕು ಅಪರಾಧದ ಸಾಕ್ಷಿಯಾಗುತ್ತದೆ.

ಬೆಂಗಳೂರಿನಿಂದ ಬಂದವರಿಗೆ ಈ ಬಿಗಿ ವಿಚಿತ್ರ ಎನ್ನಿಸುವುದು ಸಹಜ. ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು ಲೆಕ್ಕ ಹಾಕುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನಿಂದ, ಅದೂ ಮನೆ-ಬೇಸಾಯದ ಕೆಲಸದ್ದಲ್ಲದಿದ್ದರೆ. ಲಂಡನ್ನಿನಲ್ಲಿ ಈಳಿಗೆಮಣೆಯನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಒಯ್ಯುವುದಾದರೂ ಬಟ್ಟೆ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಟೇಪು ಹಾಕಿ, ನೇರ ಹೋಗಿ ನೇರ ತಲುಪುವುದು ಜಾಣತನ. ರಸ್ತೆಯಲ್ಲಿರುವ ಕಾರಿನ ಒಳಗೂ ಇದೇ ಕಾಯ್ದೆ. ಕೇಟರಿಂಗ್ ಕೆಲಸದವರ ಚಾಕುಗಳ ಸುರುಳಿಗೂ ಅಷ್ಟೇ: ಕೆಲಸಕ್ಕೆ ಹೋಗುತ್ತಿರುವಾಗ ಅದು ತಕ್ಕ ಕಾರಣ, ಕೆಲಸವಿಲ್ಲದ ದಿನ ಡಿಕ್ಕಿಯಲ್ಲಿ ಬಿದ್ದಿದ್ದರೆ ಅಲ್ಲ. ಮದುವೆಗೆ ಕುಪ್ಯದ ನಿಲುವಂಗಿ ತೊಟ್ಟು ಸೊಂಟಕ್ಕೆ ಸುತ್ತಿದ ಚೇಲೆಗೆ ಪೀಚೆಕತ್ತಿ ಸಿಕ್ಕಿಸುವ ಕೊಡವರಿಗೆ ಸಂಬಂಧಿಸಿದ್ದು: ಧಾರ್ಮಿಕ ಕಾರಣ ಮತ್ತು ರಾಷ್ಟ್ರೀಯ ಉಡುಪಿನ ಭಾಗ, ಇವೆರಡನ್ನೂ ಕಾಯ್ದೆ ರಕ್ಷಣೆಯಾಗಿ ಹೆಸರಿಸಿದೆ. ಆದರೆ ಅದನ್ನು ಸಾಬೀತುಪಡಿಸಬೇಕಾದವರು ತೊಟ್ಟವರೇ. ಟ್ಯೂಬ್ ರೈಲಿನಲ್ಲಿ ಸಿಕ್ಕಿಸಿಕೊಂಡು ಹೋಗುವ ಬದಲು ಛತ್ರದಲ್ಲಿ ಸಿಕ್ಕಿಸಿಕೊಳ್ಳುವುದು ಲೇಸು.

ಕಾನೂನು ಒಪ್ಪಿದರೂ ಬಾಗಿಲಲ್ಲಿ ನಿಂತವರು ಒಪ್ಪಬೇಕೆಂದಿಲ್ಲ. ಕೋರ್ಟು, ಪಾರ್ಲಿಮೆಂಟು, ಫುಟ್‌ಬಾಲ್ ಮೈದಾನ, ಸಂಗೀತ ಕಾರ್ಯಕ್ರಮ, ಮಕ್ಕಳ ಶಾಲೆ: ಆ ದಿನ ಚಾಕು ಮನೆಯಲ್ಲಿರಲಿ. ಹೀಥ್ರೋದಿಂದ ಊರಿಗೆ ಹೊರಟಾಗ ಚೆಕ್-ಇನ್ ಪೆಟ್ಟಿಗೆಯ ತಳಕ್ಕೆ ಹಾಕಿ. ಜಾಕೆಟ್ಟಿನ ಜೇಬನ್ನು ಹಿಂದಿನ ರಾತ್ರಿಯೇ ತಡವಿ ನೋಡಿ. ಭದ್ರತಾ ತಪಾಸಣೆಯ ಟ್ರೇಗೆ ಬಿದ್ದ ಚಾಕು ವಾಪಸ್ ಬಂದೀತೆಂದು ನಂಬಬೇಡಿ.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಕಾರ್ಕ್‌ಸ್ಕ್ರೂವಿಗೆ. ಅದರ ಸುರುಳಿಯೊಳಗೆ ಕನ್ನಡಕದ ಪುಟ್ಟ ಸ್ಕ್ರೂ ಡ್ರೈವರನ್ನು ತಿರುಗಿಸಿ ಕೂರಿಸಬಹುದು, ಅದನ್ನು ಬೇರೆಯಾಗಿ ಕೊಳ್ಳಬೇಕು; ಅದು ಬಿಟ್ಟರೆ ವೈನ್ ಬಾಟಲಿ ತೆರೆಯದವರ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅಂಥವರು ಸೂಪರ್ ಟಿಂಕರ್ ಕೊಳ್ಳಲಿ. ಅದೇ ಉದ್ದ, ಅದೇ ಕತ್ತರಿ, ಅದೇ ಕೊಕ್ಕೆ, ಲಾಕ್ ಅದರಲ್ಲೂ ಇಲ್ಲ. ಕಾರ್ಕ್‌ಸ್ಕ್ರೂ ಜಾಗದಲ್ಲಿ ಫಿಲಿಪ್ಸ್ ಸ್ಕ್ರೂ ಡ್ರೈವರ್ ಇದೆ.