ದಾರಿ ಕೇಳುವ ನೆಪದಲ್ಲಿ 426 ಯೂರೋ ಹೋಯಿತು, ಬುಡಾಪೆಸ್ಟ್‌ಗೆ ಹೊರಟಿರೋರು ಮೊದಲು ಇದನ್ನು ಓದಿ

ಇದನ್ನು ಬರೆಯೋಕೆ ನಾಚಿಕೆಯಾಗುತ್ತಿದೆ. ಮೂರು ವಾರ ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೆ ಮಾತ್ರ ಫೋನಲ್ಲಿ ಹೇಳಿದೆ, ಅದೂ ಅವಳು "ಏನೋ ಆಗಿದೆ ನಿನಗೆ, ಬಾಯಿ ಬಿಡೋ" ಅಂತ ಎರಡು ಸಲ ಗದರಿದ ಮೇಲೆ. ಈಗ ಬರೆಯುತ್ತಿರುವುದು ಯಾಕೆ ಅಂದರೆ, ನಮ್ಮ ಹಾಸ್ಟೆಲ್‌ನ ಇನ್ನಿಬ್ಬರು ಹುಡುಗರು ಬುಡಾಪೆಸ್ಟ್‌ಗೆ ಟಿಕೆಟ್ ಮಾಡಿಸಿಕೊಂಡು ಕುಣಿಯುತ್ತಿದ್ದಾರೆ. ಅವರ ಮುಖ ನೋಡಿದರೆ ನನ್ನ ಮುಖವೇ ಕಾಣಿಸುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ದುಡ್ಡು ಚೆಲ್ಲೋ ಆಸಾಮಿ ಅಲ್ಲ. ಡ್ರೆಸ್ಡನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ವಾರಕ್ಕೆ ಎರಡು ದಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತೇನೆ. ಗಂಟೆಗೆ 12.82 ಯೂರೋ, 2025ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಎಷ್ಟೋ ಅಷ್ಟು. ಆ ದುಡ್ಡಿನಲ್ಲೇ ನಾನೂ ನನ್ನ ಗೆಳೆಯನೂ ಬೇಸಿಗೆ ರಜೆಗೆ ಇಂಟರ್‌ರೇಲ್ ಪಾಸ್ (ಯೂರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸ್) ತೆಗೆದುಕೊಂಡು ಹೊರಟಿದ್ದು. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಆಮೇಲೆ ಕ್ರೊಯೇಷಿಯಾದ ಸ್ಪ್ಲಿಟ್. ಹಗಲೆಲ್ಲ ಕಾಲ್ನಡಿಗೆ, ರಾತ್ರಿ ಬಾರು, ಮಲಗೋಕೆ 12 ಮಂಚದ ಕೋಣೆ. ಯಾರೋ ಗೊರಕೆ ಹೊಡೆಯುತ್ತಾರೆ, ಯಾರದ್ದೋ ಸಾಕ್ಸ್ ನಾರುತ್ತದೆ, ಅದೆಲ್ಲ ನಿಮಗೆ ಗೊತ್ತಿರೋದೇ.

ಪ್ರಾಗ್‌ನಲ್ಲಿ ನಾನೇ ದೊಡ್ಡ ಮೇಷ್ಟ್ರು. ಹಣ ಬದಲಾಯಿಸುವ ಅಂಗಡಿಗಳ ಮುಂದೆ "ಕಮಿಷನ್ 0" ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ದರದಲ್ಲೇ ಕೈ ಹಾಕಿರುತ್ತಾರೆ. ಕೋಣೆಯಲ್ಲಿದ್ದ ಒಬ್ಬ ಸ್ಪೇನ್ ಹುಡುಗ ಹಾಗೆ ಸಿಕ್ಕಿಬಿದ್ದಿದ್ದ. 2019ರಿಂದ ಅಲ್ಲಿ ಕಾನೂನು ಇದೆ, 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ಸಮೇತ ಹೋಗಿ ವಾಪಸ್ ಮಾಡಬಹುದು ಅಂತ ನಾನೇ ಅವನನ್ನು ಕರೆದುಕೊಂಡು ಹೋಗಿ ದುಡ್ಡು ಬಿಡಿಸಿಕೊಟ್ಟೆ. ಅವನು ನನಗೆ ಬಿಯರ್ ಕೊಡಿಸಿದ. ಆ ರಾತ್ರಿ ನಾನು ಆಡಿದ ಮಾತುಗಳು ಈಗ ನೆನಪಾದರೆ ಹೊದಿಕೆ ಎಳೆದುಕೊಂಡು ಮಲಗಬೇಕು ಅನ್ನಿಸುತ್ತದೆ. "ಟೂರಿಸ್ಟ್ ಥರ ಇದ್ರೆ ಟೂರಿಸ್ಟ್ ಥರಾನೇ ಬೋಳಿಸ್ತಾರೆ" ಅಂದಿದ್ದೆ. ನಾನೇ ಅಂದಿದ್ದು.

ವಿಯೆನ್ನಾದಲ್ಲಿ ಬಾರಿಗೇ ಹೋಗಲಿಲ್ಲ. ಸೂಪರ್‌ಮಾರ್ಕೆಟ್‌ನಿಂದ ಕ್ಯಾನ್ ತಗೊಂಡು ಡಾನ್ಯೂಬ್ ಕಾಲುವೆಯ ದಂಡೆ ಮೇಲೆ ಕೂತೆವು, ಅಲ್ಲಿನ ಹುಡುಗರೂ ಅದನ್ನೇ ಮಾಡುತ್ತಾರೆ. ಅಲ್ಲಿಂದ ಎರಡೂ ಮುಕ್ಕಾಲು ಗಂಟೆಯೊಳಗೆ ಬುಡಾಪೆಸ್ಟ್‌ನ ಕೆಲೆತಿ ಸ್ಟೇಷನ್. ಮೊದಲ ರಾತ್ರಿ ಚೆನ್ನಾಗಿತ್ತು. ಹಳೇ ಯಹೂದಿ ಬಡಾವಣೆಯಲ್ಲಿ ಕಾಜಿಂತ್ಸಿ ಬೀದಿ ಅಂತ ಇದೆ. ಪಾಳುಬಿದ್ದಿದ್ದ ಮನೆಗಳನ್ನೇ ಬಾರ್ ಮಾಡಿದ್ದಾರೆ. ಒಡೆದ ಸ್ನಾನದ ತೊಟ್ಟಿಯನ್ನು ಕತ್ತರಿಸಿ ಕುರ್ಚಿ ಮಾಡಿರುತ್ತಾರೆ. ದರ ಗೋಡೆ ಮೇಲೆ ಬರೆದಿರುತ್ತದೆ, ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಗ್ಲಾಸ್ ತಗೊಂಡರೆ ಮುಗೀತು. ಬಾರ್ ಅಂದರೆ ಹಾಗೆ ಇರಬೇಕು ಅಲ್ವಾ?

ಎರಡನೇ ರಾತ್ರಿ, ಹತ್ತು ಗಂಟೆ ಇರಬಹುದು. ವಾತ್ಸಿ ಉತ್ಸ ಅನ್ನುವ ಬೀದಿಯಲ್ಲಿ ಸುಮ್ನೆ ನಡೆಯುತ್ತಿದ್ದೆವು. ಬಟ್ಟೆ ಅಂಗಡಿ, ಐಸ್‌ಕ್ರೀಂ, ಪ್ರವಾಸಿಗಳ ಜಾತ್ರೆ. ಇಬ್ಬರು ಹುಡುಗಿಯರು ಕಾಗದದ ನಕ್ಷೆ ಹಿಡಿದುಕೊಂಡು ಬಂದು ವೊರೊಶ್ಮಾರ್ತಿ ಚೌಕ ಎಲ್ಲಿ ಅಂತ ಕೇಳಿದರು. ಕಾಗದದ ನಕ್ಷೆ! ಈ ಕಾಲದಲ್ಲಿ! ಆಗಲೇ ತಲೆಗೆ ಹೊಳೆಯಬೇಕಿತ್ತು. ನಾನು ಫೋನ್ ತೆಗೆದು ದಾರಿ ತೋರಿಸಿದೆ. ನಾವು ದೆಬ್ರೆತ್ಸೆನ್‌ನಲ್ಲಿ ಓದುತ್ತಿದ್ದೇವೆ, ವಾರಾಂತ್ಯಕ್ಕೆ ಬಂದಿದ್ದೇವೆ, ಈ ಊರು ನಮಗೂ ಹೊಸದು ಅಂದರು. ನಾವೂ ವಿದ್ಯಾರ್ಥಿಗಳು ಅಂದೆವು. ಏನು ಓದ್ತೀರಿ, ಎಲ್ಲಿಯವರು, ಅದೇ ಮಾತು. ಐದು ನಿಮಿಷ ಆದಮೇಲೆ ಒಬ್ಬಳು, "ಇಲ್ಲೇ ಪಕ್ಕದಲ್ಲಿ ಏನಾದರೂ ಕುಡಿಯೋಣವಾ?" ಅಂದಳು.

ಗೆಳೆಯ ನನ್ನ ಮುಖ ನೋಡಿದ. "ಏನ್ ಮಗಾ?" ಅಂದ. ನಾನು "ನಡಿಯೋ, ಒಂದು ಬಿಯರ್ ತಾನೇ" ಅಂದೆ.

ಬಾರ್ ಇದ್ದಿದ್ದು ಅಡ್ಡರಸ್ತೆಯಲ್ಲಿ, ನಾಲ್ಕು ಮೆಟ್ಟಿಲು ಕೆಳಗೆ. ಹೆಸರು ಹಾಕುವುದಿಲ್ಲ. ಹಾಕಿದರೂ ಪ್ರಯೋಜನ ಇಲ್ಲ, ಇಂಥವು ಬೋರ್ಡ್ ಬದಲಾಯಿಸಿಕೊಂಡು ಮತ್ತೆ ಬಾಗಿಲು ತೆರೆಯುತ್ತವೆ. ಒಳಗೆ ಜನ ಇಲ್ಲ. ಮಂದ ಬೆಳಕು, ಕೆಂಪು ಸೋಫಾ. ಮೆನು ಕೊಟ್ಟರು, ಮೊದಲ ಪುಟದಲ್ಲಿ ಬಿಯರ್ 3,500 ಫೋರಿಂಟ್. ಒಂದು ಯೂರೋಗೆ ಸುಮಾರು 400 ಫೋರಿಂಟ್ ಲೆಕ್ಕ ಹಾಕಿ, ಒಂಬತ್ತು ಯೂರೋ ಹತ್ತಿರ, ಜಾಸ್ತಿ ಆಯಿತು ಅಂದುಕೊಂಡೆ. ಆದರೂ ಎದ್ದು ಬರಲಿಲ್ಲ. ಹುಡುಗಿಯರು ಮೆನು ತೆರೆಯಲೇ ಇಲ್ಲ. ವೇಟರ್‌ಗೆ ಹಂಗೇರಿಯನ್‌ನಲ್ಲಿ ಏನೋ ಅಂದರು, ಅವನು ತಲೆಯಾಡಿಸಿದ. ಅವರಿಗೆ ಕಾಕ್‌ಟೇಲ್ ಬಂತು, ಕಿತ್ತಳೆ ಬಣ್ಣದ್ದು, ಮೇಲೊಂದು ಚೆರ್ರಿ. ಅದರ ಬೆಲೆ ಎಷ್ಟು ಅಂತ ನಾನು ಕೇಳಲಿಲ್ಲ.

ಇದೇ ನನಗೆ ಇವತ್ತಿಗೂ ಉರಿಯುವುದು. ಇಡೀ ಬೇಸಿಗೆ ಬೆಲೆ ಕೇಳದೆ ಒಂದು ಬಾಳೆಹಣ್ಣು ಕೊಂಡವನಲ್ಲ ನಾನು. ಬೆಂಚಿನ ಮೇಲೆ ಕೂತು ಬ್ರೆಡ್ ತಿಂದವನು. ಹುಡುಗಿಯರ ಮುಂದೆ "ಅದು ಎಷ್ಟು?" ಅಂತ ಕೇಳೋಕೆ ಮರ್ಯಾದೆ ಅಡ್ಡ ಬಂತು.

ಇನ್ನೊಂದು ಸುತ್ತು ಬಂತು. ಯಾರು ಹೇಳಿದರೋ ಗೊತ್ತಿಲ್ಲ, ನಾನಂತೂ ಹೇಳಲಿಲ್ಲ. ಆಗ ಒಬ್ಬಳು ಎದ್ದು ಟಾಯ್ಲೆಟ್‌ಗೆ ಹೋದಳು. ಸೀದಾ ಹೋಗಿ, ಮೂಲೆಯ ದಪ್ಪ ಪರದೆ ಸರಿಸಿ, ಅದರ ಹಿಂದಿನ ಬಾಗಿಲು ತಳ್ಳಿಕೊಂಡು ಹೋದಳು. ಬೋರ್ಡ್ ಇಲ್ಲ, ಬಾಣದ ಗುರುತು ಇಲ್ಲ. ಈ ಊರಿಗೇ ಹೊಸಬಳು, ಈ ಬಾರಿಗೆ ಮೊದಲ ಸಲ ಬಂದವಳು, ಪರದೆ ಹಿಂದೆ ಬಾಗಿಲಿದೆ ಅಂತ ಅವಳಿಗೆ ಯಾರು ಹೇಳಿದ್ದು? ನನ್ನ ಹೊಟ್ಟೆ ತಣ್ಣಗಾಯಿತು. ಗೆಳೆಯನ ಮೊಣಕಾಲು ಒತ್ತಿದೆ. ಅವನಿಗೆ ಅರ್ಥವಾಗಲಿಲ್ಲ, ಅವನು ಇನ್ನೊಬ್ಬಳಿಗೆ ತನ್ನ ಥೀಸಿಸ್ ವಿವರಿಸುತ್ತಿದ್ದ. ನಾನು ಬಿಲ್ ಕೇಳಿದೆ.

ಚರ್ಮದ ಪುಟ್ಟ ಫೋಲ್ಡರ್‌ನಲ್ಲಿ ಬಿಲ್ ಬಂತು. ನಾಲ್ಕು ಬಿಯರ್, 14,000. ನಾಲ್ಕು ಕಾಕ್‌ಟೇಲ್, 1,18,000. ಸರ್ವೀಸ್ ಚಾರ್ಜ್ 12 ಶೇಕಡ, 15,840. ಒಟ್ಟು 1,47,840 ಫೋರಿಂಟ್. ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಅಂತಲೇ ನಾನು ನಂಬಿದ್ದು. ನಿಜವಾಗಿ. ನಗುತ್ತಾ ವೇಟರ್‌ಗೆ ಹೇಳಿದೆ, "ಏನೋ ತಪ್ಪಾಗಿದೆ."

"ತಪ್ಪೇನಿಲ್ಲ ಸರ್." ಮೆನು ತಂದು ಕೊನೆಯ ಪುಟ ತೆಗೆದು ಬೆರಳಿಟ್ಟ. 29,500. ಇತ್ತು. ನಿಜವಾಗಲೂ ಅಲ್ಲಿ ಬರೆದಿತ್ತು.

"ನಾವು ಅದನ್ನು ಆರ್ಡರ್ ಮಾಡಲಿಲ್ಲ."

"ನಿಮ್ಮ ಟೇಬಲ್ ಸರ್. ನಿಮ್ಮ ಅತಿಥಿಗಳು."

ಅತಿಥಿಗಳಂತೆ! ಅತಿಥಿಗಳಲ್ಲಿ ಒಬ್ಬಳು ಬಾಯಿ ಮೇಲೆ ಕೈಯಿಟ್ಟುಕೊಂಡು "ಅಯ್ಯೋ ದೇವರೇ, ಇಷ್ಟೊಂದಾ" ಅನ್ನುವ ಹಾಗೆ ನಟಿಸಿ ಫೋನ್ ನೋಡತೊಡಗಿದಳು. ಪರದೆ ಹಿಂದೆ ಹೋದವಳು ವಾಪಸ್ ಬರಲೇ ಇಲ್ಲ. ಅಷ್ಟರಲ್ಲಿ ಇಬ್ಬರು ಗಂಡಸರು ಬಂದು ಮೆಟ್ಟಿಲ ಹತ್ತಿರ ನಿಂತರು. ಬೈಯಲಿಲ್ಲ, ಮುಟ್ಟಲಿಲ್ಲ. ಸುಮ್ನೆ ನಿಂತರು. ಒಬ್ಬ ಬಾಗಿಲ ಕಡೆ ಬೆನ್ನು ಮಾಡಿ ನಿಂತ, ಅಷ್ಟೇ.

ಪೊಲೀಸರನ್ನು ಕರೆಯುತ್ತೇವೆ ಅಂದೆ. "ಕರೆಯಿರಿ ಸರ್. ಅವರೂ ಮೆನು ನೋಡುತ್ತಾರೆ" ಅಂದ. ಎಷ್ಟು ಸಮಾಧಾನದಿಂದ ಹೇಳಿದ ಅಂದರೆ, ದಿನಾ ಹೇಳಿ ಹೇಳಿ ಬಾಯಿಪಾಠ ಆಗಿದೆ ಅಂತ ಗೊತ್ತಾಗುತ್ತಿತ್ತು. ಆಗಲಾದರೂ 112 ಒತ್ತಬೇಕಿತ್ತು. ಒತ್ತಲಿಲ್ಲ. ಕಾರ್ಡ್ ಕೊಡುತ್ತೇನೆ ಅಂದೆ. "ಮಷಿನ್ ಕೆಟ್ಟಿದೆ." ಮಷಿನ್ ಕೌಂಟರ್ ಮೇಲೆ ಹಸಿರು ದೀಪ ಉರಿಸಿಕೊಂಡು ಕೂತಿತ್ತು! ಕಾರ್ಡ್ ಉಜ್ಜಿದರೆ ಆಮೇಲೆ ಬ್ಯಾಂಕಿನಲ್ಲಿ ತಕರಾರು ಮಾಡಬಹುದು, ನಗದಾದರೆ ಮುಗಿದುಹೋಯಿತು. ಇದು ನನಗೆ ಆಮೇಲೆ ಹೊಳೆದಿದ್ದು.

ಗೆಳೆಯನ ಖಾತೆಯಲ್ಲಿ 24 ಯೂರೋ ಇತ್ತು. ಅವನನ್ನು ಅಲ್ಲೇ ಕೂರಿಸಿಕೊಂಡು ನನ್ನನ್ನು ಎಟಿಎಂಗೆ ಕಳಿಸಿದರು, ಜೊತೆಗೆ ಒಬ್ಬ. ದಾರಿಯುದ್ದಕ್ಕೂ ಜನ ಐಸ್‌ಕ್ರೀಂ ತಿನ್ನುತ್ತಾ ನಗುತ್ತಾ ಓಡಾಡುತ್ತಿದ್ದರು. ಕೂಗಬಹುದಿತ್ತು. ಗೆಳೆಯ ಒಳಗಿದ್ದಾನೆ ಅಂತ ಸುಮ್ಮನಾದೆ. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜ ಏನಂದರೆ, ಅಷ್ಟು ಜನರ ಮುಂದೆ ಕೂಗೋಕೆ ನಾಚಿಕೆ ಆಯಿತು.

ಎಟಿಎಂ ಕೇಳಿತು: ನಿಮ್ಮ ಹಣದಲ್ಲೇ ಲೆಕ್ಕ ಹಾಕೋಣವಾ, ದರ ಖಾತರಿ, ಒಪ್ಪಿಗೆಯಾ? ಈ ಆಟ ನನಗೆ ಗೊತ್ತು. ಪ್ರಾಗ್‌ನಲ್ಲಿ ಪ್ರತಿ ಸಲ "ಬೇಡ" ಒತ್ತಿದ್ದೇನೆ. ಒಪ್ಪಿದರೆ ಮಷಿನ್‌ನವರು ತಮಗಿಷ್ಟ ಬಂದ ದರ ಹಾಕುತ್ತಾರೆ, ಬೇಡ ಅಂದರೆ ನಿಮ್ಮ ಬ್ಯಾಂಕು ಸರಿಯಾದ ದರದಲ್ಲಿ ಕಡಿತ ಮಾಡುತ್ತದೆ. ಎಲ್ಲ ಗೊತ್ತು. ಆದರೆ ಪಕ್ಕದಲ್ಲಿ ಆ ಮನುಷ್ಯ, ಅವನ ಸೆಂಟಿನ ವಾಸನೆ, ನನ್ನ ಬೆರಳು ನಡುಗುತ್ತಿತ್ತು. ಹಸಿರು ಗುಂಡಿ ಒತ್ತಿಬಿಟ್ಟೆ. 1,50,000 ಫೋರಿಂಟ್‌ಗೆ 426 ಯೂರೋ. ಸರಿಯಾದ ದರದಲ್ಲಿ 375 ಆಗಬೇಕಿತ್ತು. ಬಾರಿನವರು ಬೋಳಿಸಿದ್ದಲ್ಲದೆ ಮಷಿನ್ ಬೇರೆ 51 ಯೂರೋ ಬೋಳಿಸಿತು. ಒಟ್ಟು 426 ಯೂರೋ ಅಂದರೆ ನಾನು 33 ಗಂಟೆ ಪೆಟ್ಟಿಗೆ ಎತ್ತಿದ ದುಡ್ಡು.

ವಾಪಸ್ ಹೋಗಿ ಕೊಟ್ಟೆ. ವೇಟರ್ ಎಣಿಸಿಕೊಂಡು ಚಿಲ್ಲರೆ ತಂದ. 2,000ದ ಒಂದು ನೋಟು, 100, 50, 10ರ ನಾಣ್ಯ. ತಟ್ಟೆಯಲ್ಲಿಟ್ಟು, "ಲೆಕ್ಕ ಸರಿ ಇದೆಯಾ ನೋಡಿ ಸರ್" ಅಂದ. ಅಷ್ಟು ದೋಚಿದವರು 10 ಫೋರಿಂಟ್‌ಗೆ ಪ್ರಾಮಾಣಿಕರು! ಹೊಡೆದಿದ್ದರೂ ನನಗೆ ಇಷ್ಟು ಅವಮಾನ ಆಗುತ್ತಿರಲಿಲ್ಲ.

ಮಾರನೇ ದಿನ ಪೊಲೀಸ್ ಠಾಣೆಗೆ ಹೋದೆವು. "ಹೊಡೆದರಾ?" ಇಲ್ಲ. "ಹೆದರಿಸಿದರಾ?" ಬಾಯಲ್ಲಿ ಏನೂ ಹೇಳಲಿಲ್ಲ. "ಮೆನುವಿನಲ್ಲಿ ಬೆಲೆ ಇತ್ತಾ?" ಇತ್ತು. ಅವನು ಪೆನ್ ಕೆಳಗಿಟ್ಟ. ಬ್ಯಾಂಕಿಗೆ ಬರೆದೆ. ಪಿನ್ ನೀವೇ ಒತ್ತಿದ್ದೀರಿ, ಇದು ನೀವೇ ಒಪ್ಪಿ ತೆಗೆದ ನಗದು, ವಾಪಸ್ ಬರುವುದಿಲ್ಲ ಅಂತ ಎರಡು ಸಾಲಿನ ಉತ್ತರ. ಆ ಬಾರಿನ ಬಗ್ಗೆ ರಿವ್ಯೂ ಹಾಕಿದೆ. ಅದಕ್ಕೂ ಉತ್ತರ ಬಂತು: "ಪ್ರಿಯ ಅತಿಥಿಗಳೇ, ನಮ್ಮ ಎಲ್ಲ ಬೆಲೆಗಳೂ ಮೆನುವಿನಲ್ಲಿವೆ. ಮುಂದಿನ ಬಾರಿ ದಯವಿಟ್ಟು ಗಮನವಿಟ್ಟು ಓದಿ. ಮತ್ತೆ ಬನ್ನಿ." ಮತ್ತೆ ಬನ್ನಿ ಅಂತೆ. ಫೋನ್ ಎಸೆಯುವಷ್ಟು ಸಿಟ್ಟು ಬಂತು, ಆದರೆ ಫೋನ್ ಕೊಳ್ಳೋಕೂ ದುಡ್ಡಿಲ್ಲವಲ್ಲ.

ಇದೇನು ಹೊಸ ಮೋಸವೂ ಅಲ್ಲ. ಅಮೆರಿಕ, ಬ್ರಿಟನ್ ಸರ್ಕಾರದವರು ತಮ್ಮ ಪ್ರವಾಸಿಗಳಿಗೆ ಬುಡಾಪೆಸ್ಟ್‌ನ ಇಂಥ ಬಾರ್‌ಗಳ ಬಗ್ಗೆ ಮೊದಲಿಂದಲೂ ಎಚ್ಚರಿಕೆ ಕೊಡುತ್ತಲೇ ಬಂದಿದ್ದಾರೆ. ಇದೇ ಆಟ ಲಾಟ್ವಿಯಾದ ರೀಗಾದಲ್ಲೂ ಇದೆ, ಇಸ್ತಾಂಬುಲ್‌ನಲ್ಲೂ ಇದೆ. ನಾನು ರೈಲಿನ ದರ ನೂರು ಸಲ ಹುಡುಕಿದೆ, ಇದನ್ನು ಒಂದು ಸಲವೂ ಹುಡುಕಲಿಲ್ಲ.

ಠಾಣೆಗೆ ಹೋದ ದಿನವೇ ಸಂಜೆ ಮತ್ತೆ ಅದೇ ಬೀದಿಯಲ್ಲಿ ಹೋದೆವು. ಅವರೇ. ಅದೇ ನಕ್ಷೆ. ಬೆನ್ನಿಗೆ ಬ್ಯಾಗು ಹಾಕಿಕೊಂಡಿದ್ದ ಇಬ್ಬರು ಹುಡುಗರ ಹತ್ತಿರ ದಾರಿ ಕೇಳುತ್ತಿದ್ದರು. ಗೆಳೆಯ ಓಡಿಹೋಗಿ ಹೇಳಿದ, ಇವರ ಜೊತೆ ಹೋಗಬೇಡಿ, ನಿನ್ನೆ ನಮಗೆ ಹೀಗಾಯಿತು ಅಂತ. ಆ ಹುಡುಗ ಗೆಳೆಯನನ್ನು ಮೇಲಿಂದ ಕೆಳಗೆ ನೋಡಿ, "ನಮಗೆ ಗೊತ್ತು ಬಿಡಿ, ಥ್ಯಾಂಕ್ಸ್" ಅಂದ. ಪ್ರಾಗ್‌ನಲ್ಲಿ ಯಾರಾದರೂ ನನಗೆ ಹೇಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಹೋಗೋರಿಗೆ ಹೇಳೋದು ಇಷ್ಟೇ. ಬಾರ್ ನೀವೇ ಆರಿಸಿ. ಬೇರೆಯವರು, ಅದೂ ಬೀದಿಯಲ್ಲಿ ತಾವಾಗಿ ಬಂದು ಮಾತಾಡಿಸಿದವರು, ತೋರಿಸಿದ ಜಾಗಕ್ಕೆ ಹೋಗಬೇಡಿ. ಟೇಬಲ್ಲಿಗೆ ಬರುವ ಪ್ರತಿ ಗ್ಲಾಸಿನ ಬೆಲೆ ಕೇಳಿ, ಯಾರು ಎದುರಿಗೆ ಕೂತಿದ್ದರೂ ಕೇಳಿ. ಸಿಕ್ಕಿಬಿದ್ದರೆ ಅಲ್ಲಿಂದಲೇ 112ಕ್ಕೆ ಫೋನ್ ಮಾಡಿ, ನನ್ನ ಹಾಗೆ ಬರೀ ಬಾಯಲ್ಲಿ ಹೇಳಬೇಡಿ. ಎಟಿಎಂ ಯಾವ ದರ ತೋರಿಸಿದರೂ "ಬೇಡ" ಒತ್ತಿ. ಇನ್ನು ದಾರಿ ಕೇಳುವ ಪಾಪದವರು ನಿಜವಾಗಲೂ ಇರಬಹುದು. ಇರಲಿ. ನಾನಂತೂ ಇನ್ನು ಯಾರಿಗೂ ದಾರಿ ತೋರಿಸುವುದಿಲ್ಲ.

ಸ್ಪ್ಲಿಟ್‌ಗೆ ಹೋಗಲಿಲ್ಲ. ಸಮುದ್ರ ನೋಡಲಿಲ್ಲ. ಕೊನೆಯ ಎರಡು ದಿನ ಬ್ರೆಡ್ಡು ಚೀಸು ತಿಂದುಕೊಂಡು ಡ್ರೆಸ್ಡನ್‌ಗೆ ವಾಪಸ್ ಬಂದೆವು. ರೈಲಿನಲ್ಲಿ ಗೆಳೆಯ "ನಡಿಯೋ ಅಂದಿದ್ದು ನೀನೇ ಅಲ್ವಾ" ಅಂದ, ನಾನು "ಥೀಸಿಸ್ ಹೇಳ್ತಾ ಕೂತಿದ್ದು ಯಾರು" ಅಂದೆ, ಗಡಿ ದಾಟುವವರೆಗೂ ಮಾತಿಲ್ಲ. ಅವನ ಪಾಲು 213 ಯೂರೋ. ಕಂತಿನಲ್ಲಿ ಕೊಡುತ್ತಿದ್ದಾನೆ, ಇಲ್ಲಿಯವರೆಗೆ 60 ಬಂದಿದೆ.